ಹೆಸರು ಆರು, ನಂಬರ್ ಒಂದೇ: ಮುಂಬೈಗೆ ಬಂದ ಎರಡು ಕ್ರೂಸ್ ಹಡಗುಗಳ ಜಾತಕ

ಇಯರ್‌ಫೋನ್ ಹಾಕಿಕೊಂಡು ಬಸ್ಸಿನಲ್ಲಿ ಕೂತವರು, ಹೊಲಕ್ಕೆ ನೀರು ಕಟ್ಟುತ್ತಾ ಕೇಳುತ್ತಿರುವವರು, ಹಾಸ್ಟೆಲ್‌ನಲ್ಲಿ ಓದುವುದನ್ನು ಬಿಟ್ಟು ಇದನ್ನು ಹಚ್ಚಿಕೊಂಡವರು, ಎಲ್ಲರಿಗೂ ಸ್ವಾಗತ. ಇವತ್ತು ಸಮುದ್ರದ ಮಾತು. ಆದರೆ ಶುರುವಾಗೋದು ಸಮುದ್ರದಿಂದ ಬಹಳ ದೂರ, ನಮ್ಮ ಮುಕ್ಕುಂದದಿಂದ.

ಸಿಂಧನೂರು ತಾಲೂಕಿನ ಮುಕ್ಕುಂದ ಅಂದರೆ ತುಂಗಭದ್ರಾ ದಂಡೆಯ ಊರು. ನಮಗೆ ನೀರಿನ ಮೇಲಿನ ವಾಹನ ಅಂದರೆ ಹರಿಗೋಲು. ಅದಕ್ಕಿಂತ ದೊಡ್ಡದನ್ನು ನಾವು ನೋಡಿದ್ದೆಲ್ಲ ಮೊಬೈಲ್‌ನಲ್ಲೇ. ಹೋದ ವರ್ಷ ನಮ್ಮ ಕಾಕಾನ ಮಗ ನನಗೊಂದು ಫೋಟೋ ಕಳಿಸಿದ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ ಹುಡುಗ. "ಅಣ್ಣಾ, ಕ್ರೂಸ್‌ನ್ಯಾಗ ಕೆಲಸ ಸಿಕ್ಕೈತಿ. ಮುಂದಿನ ತಿಂಗಳು ಮುಂಬೈದಾಗ ಜಾಯಿನಿಂಗ್. ಒಂದೂವರೆ ಲಕ್ಷ ಕಟ್ಟಬೇಕಂತ. ಅಪ್ಪ ಭತ್ತ ಮಾರಿ ಕೊಡ್ತೀನಿ ಅಂದಾನ" ಅಂತ ಮೆಸೇಜ್.

ಫೋಟೋದಲ್ಲಿ ಬಿಳಿ ಹಡಗು. ಮುಂದಿನ ಭಾಗ ಚೂಪಾಗಿರಲಿಲ್ಲ. ಮೇಲಿನಿಂದ ಕೆಳಗೆ ದುಂಡಗೆ ಇಳಿದಿತ್ತು, ಡಾಲ್ಫಿನ್ ಮೀನಿನ ಹಣೆ ಇರ್ತದಲ್ಲ, ಹಾಗೆ. ಮೈಮೇಲೆ ಇಂಗ್ಲಿಷಿನಲ್ಲಿ ಹೆಸರು: ಕರ್ನಿಕಾ.

ನನಗೆ ಆ ಹಣೆಯ ಗುರುತಿತ್ತು. ಹಡಗುಗಳ ಬಗ್ಗೆ ಓದುವ ಹುಚ್ಚು ನನಗೆ ಮೊದಲಿನಿಂದ ಇದೆ. ತಮ್ಮನಿಗೆ ಫೋನ್ ಹಚ್ಚಿ ಅಂದೆ: "ಈ ಹಡಗು ಈಗ ಇಲ್ಲಪ್ಪ. 2020ರಾಗ ಗುಜರಾತಿನ ಅಲಂಗ್ ದಂಡಿಗೆ ಹೋಗಿ ಗುಜರಿ ಆಗೈತಿ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಇವತ್ತಿನ ಮಾತು ಆ ಹಡಗಿನದ್ದು. ಅದರ ಜೊತೆಗೆ ಅದೇ ವರ್ಷ ಹುಟ್ಟಿ, ಅದೇ ಮುಂಬೈಗೆ ಬಂದು, ಉಳಿದುಕೊಂಡ ಇನ್ನೊಂದು ಹಡಗಿನದ್ದು. ಹಡಗಿಗೂ ಒಂದು ಜಾತಕ ಇರ್ತದೆ. ಅದನ್ನು ಓದೋಕೆ ಬಂದರೆ ಒಂದೂವರೆ ಲಕ್ಷ ಉಳಿಯಬಹುದು.

ಮೊದಲು ಚಾಸಿ ನಂಬರ್

ನಮ್ಮ ಕಡೆ ಹಳೆ ಟ್ರ್ಯಾಕ್ಟರ್ ಕೊಳ್ಳೋರು ಏನು ಮಾಡ್ತಾರೆ? ಬಣ್ಣ ನೋಡಿ ಮರುಳಾಗಲ್ಲ. ಬಾಗಿ ಚಾಸಿ ನಂಬರ್ ನೋಡ್ತಾರೆ. ಬಣ್ಣ ಎಷ್ಟು ಸಲ ಬೇಕಾದರೂ ಬಳಿಬಹುದು, ಚಾಸಿ ನಂಬರ್ ಒಂದೇ.

ಹಡಗಿಗೂ ಹಾಗೇ. ಐಎಂಒ ಅಂದರೆ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ. ಅದರ ವ್ಯವಸ್ಥೆಯಲ್ಲಿ ಪ್ರತಿ ದೊಡ್ಡ ಹಡಗಿಗೂ ಏಳು ಅಂಕಿಯ ಒಂದು ನಂಬರ್. 1987ರಲ್ಲಿ ಈ ಪದ್ಧತಿ ಒಪ್ಪಿಗೆಯಾಯಿತು, 1996ರಿಂದ ಕಡ್ಡಾಯ. ಮಾಲೀಕ ಬದಲಾಗಲಿ, ದೇಶ ಬದಲಾಗಲಿ, ಹೆಸರು ಹತ್ತು ಸಲ ಬದಲಾಗಲಿ, ನಂಬರ್ ಮಾತ್ರ ಗುಜರಿಗೆ ಹೋಗೋ ತನಕ ಅದೇ.

ಕರ್ನಿಕಾದ ನಂಬರ್ 8521220. ಈ ನಂಬರಿನಲ್ಲೊಂದು ಸಣ್ಣ ಗುಟ್ಟಿದೆ, ಬೇಕಾದರೆ ಕ್ಯಾಲ್ಕುಲೇಟರ್ ತೆಗೀರಿ. ಮೊದಲನೇ ಅಂಕಿಯನ್ನು 7ರಿಂದ ಗುಣಿಸಿ, ಎರಡನೆಯದನ್ನು 6ರಿಂದ, ಮೂರನೆಯದನ್ನು 5ರಿಂದ, ಹೀಗೇ ಆರನೆಯದನ್ನು 2ರಿಂದ ಗುಣಿಸಿ. 56, 30, 10, 4, 6, 4. ಕೂಡಿದರೆ 110. ಕೊನೆಯ ಅಂಕಿ ಸೊನ್ನೆ. ಹಡಗಿನ ನಂಬರಿನ ಕೊನೆಯ ಅಂಕಿಯೂ ಸೊನ್ನೆ. ಈ ಲೆಕ್ಕ ಕೂಡದಿದ್ದರೆ ಯಾರೋ ನಂಬರ್ ತಪ್ಪು ಬರೆದಿದ್ದಾರೆ, ಇಲ್ಲಾ ಸುಳ್ಳು ನಂಬರ್ ಕೊಟ್ಟಿದ್ದಾರೆ ಅಂತ ಅರ್ಥ.

ಇನ್ನೊಂದು ಹಡಗಿನ ನಂಬರ್ 8716899. ಇದನ್ನು ನೀವೇ ಮಾಡಿ ನೋಡಿ, 169 ಬರಬೇಕು. ಈ ಎರಡು ನಂಬರ್ ಹಿಡಿದುಕೊಂಡು ಈಗ 1990ಕ್ಕೆ ಹೋಗೋಣ.

ಒಂದೇ ವರ್ಷ, ಎರಡು ವಿಚಾರ

1990. ಇಟಲಿಯ ಮೊನ್‌ಫಾಲ್ಕೋನೆ ಊರಿನಲ್ಲಿ ಫಿನ್‌ಕಾಂತಿಯೇರಿ ಕಂಪನಿಯ ಹಡಗುಕಟ್ಟೆಯಿಂದ ಒಂದು ಹಡಗು ಹೊರಬಂತು. ಹೆಸರು ಕ್ರೌನ್ ಪ್ರಿನ್ಸೆಸ್. ಅದೇ ವರ್ಷ ಫ್ರಾನ್ಸಿನ ಸೇಂಟ್ ನಜೇರ್‌ನ ಹಡಗುಕಟ್ಟೆಯಿಂದ ಇನ್ನೊಂದು ಬಂತು. ಹೆಸರು ನಾರ್ಡಿಕ್ ಎಂಪ್ರೆಸ್. ಒಂದು ರಾಜಕುಮಾರಿ, ಇನ್ನೊಂದು ಮಹಾರಾಣಿ ಅನ್ನಿ.

ಕ್ರೌನ್ ಪ್ರಿನ್ಸೆಸ್ ಹೊರರೂಪಕ್ಕೆ ಕೈ ಹಚ್ಚಿದವರು ರೆಂಜೊ ಪಿಯಾನೊ. ಪ್ಯಾರಿಸ್‌ನಲ್ಲಿ ಪೈಪುಗಳೆಲ್ಲ ಹೊರಗೇ ಕಾಣುವ ಪೊಂಪಿಡೂ ಸೆಂಟರ್ ಕಟ್ಟಿದ ಇಬ್ಬರು ಹೆಸರಾಂತ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಅವರು ಹಡಗಿಗೆ ಡಾಲ್ಫಿನ್ ಹಣೆ ಕೊಟ್ಟರು. ಆ ದುಂಡು ಹಣೆಯ ಒಳಗೆ ದೊಡ್ಡ ಹಾಲ್, ಅದಕ್ಕೆ 'ಡೋಮ್' ಅಂತ ಹೆಸರು. ನ್ಯೂಯಾರ್ಕ್‌ನಲ್ಲಿ ನಾಮಕರಣ ಮಾಡಿದ್ದು ನಟಿ ಸೋಫಿಯಾ ಲೊರೆನ್. ನೋಡಿದವರು ಒಂದೇ ಏಟಿಗೆ ಗುರುತು ಹಿಡಿಯುವ ಹಡಗು ಅದು. ಆದರೆ ದೂರೂ ಇತ್ತು. ಹಡಗಿನ ಸುತ್ತ ಒಂದು ರೌಂಡ್ ಹೊರಗೇ ನಡೆದು ಬರಲು ಡೆಕ್ ಇಲ್ಲ, ಬಿಸಿಲಿಗೆ ಕೂರಲು ಬಯಲು ಜಾಗ ಕಡಿಮೆ ಅಂತ. ಮನೆ ಕಟ್ಟಿಸಿದವರಿಗೆ ಗೊತ್ತಿರ್ತದೆ, ಎಲಿವೇಶನ್ ಚೆಂದ ಬಂದರೆ ಎಲ್ಲೋ ಒಂದು ಕಡೆ ಜಾಗ ಹೋಗ್ತದೆ.

ನಾರ್ಡಿಕ್ ಎಂಪ್ರೆಸ್‌ನ ವಿಚಾರ ಬೇರೆ. ಅದನ್ನು ಮೊದಲು ಆರ್ಡರ್ ಕೊಟ್ಟಿದ್ದು ಅಡ್ಮಿರಲ್ ಕ್ರೂಸಸ್, ಆಗ ಕಾಗದದ ಮೇಲಿನ ಹೆಸರು ಫ್ಯೂಚರ್ ಸೀಸ್. ಅಡ್ಮಿರಲ್ ಕಂಪನಿ ರಾಯಲ್ ಕೆರಿಬಿಯನ್ ಜೊತೆ ಸೇರಿದ ಮೇಲೆ ಹಡಗೂ ಅತ್ತ ಹೋಯಿತು. ಆ ಕಾಲದಲ್ಲಿ ಕ್ರೂಸ್ ಅಂದರೆ ಒಂದು ವಾರ, ಹತ್ತು ದಿನ. ಮೂರು ನಾಲ್ಕು ದಿನದ ಪ್ರವಾಸಕ್ಕೆ ಹಚ್ಚುತ್ತಿದ್ದದ್ದು ಹಳೆಯದಾದ ಹಡಗುಗಳನ್ನು. ನಮ್ಮಲ್ಲಿ ಬೆಂಗಳೂರು ರೂಟಿನಲ್ಲಿ ಓಡಿ ದಣಿದ ಬಸ್ಸನ್ನು ಹಳ್ಳಿ ರೂಟಿಗೆ ಹಾಕ್ತಾರಲ್ಲ, ಹಾಗೆ. ನಾರ್ಡಿಕ್ ಎಂಪ್ರೆಸ್ ಮೂರು-ನಾಲ್ಕು ರಾತ್ರಿಯ ಪ್ರವಾಸಕ್ಕಾಗಿಯೇ ಹೊಸದಾಗಿ ಕಟ್ಟಿದ ಹಡಗು. ಮಯಾಮಿಯಿಂದ ಬಹಾಮಾಸ್, ಮತ್ತೆ ಮಯಾಮಿ. ಸಣ್ಣ ರಜೆಯವರ ಹಡಗು.

ಇದರಿಂದ ಒಳಗಿನ ಅಳತೆಯೇ ಬದಲಾಯಿತು. ಕೇಳಿ, ಲೆಕ್ಕ ಚೆನ್ನಾಗಿದೆ.

ಹಡಗಿನ ದೊಡ್ಡತನ ಹೇಳೋದು ಗ್ರಾಸ್ ಟನ್ ಲೆಕ್ಕದಲ್ಲಿ. ಟನ್ ಅಂದ ಕೂಡಲೇ ತೂಕ ಅಂದುಕೊಳ್ಳಬೇಡಿ. ಇದು ಹಡಗಿನ ಒಳಗಿನ ಜಾಗದ ಅಳತೆ. ಕ್ರೌನ್ ಪ್ರಿನ್ಸೆಸ್ ಸುಮಾರು 70,000, ಉದ್ದ 245 ಮೀಟರ್. ನಾರ್ಡಿಕ್ ಎಂಪ್ರೆಸ್ 48,563, ಉದ್ದ ಸುಮಾರು 211 ಮೀಟರ್. ಹೋಲಿಕೆಗೆ ಟೈಟಾನಿಕ್ ತಗೊಳ್ಳಿ: 46,328, ಉದ್ದ 269 ಮೀಟರ್. ಅಂದರೆ ಎಂಪ್ರೆಸ್ ಟೈಟಾನಿಕ್‌ಗಿಂತ ಸುಮಾರು 58 ಮೀಟರ್ ಗಿಡ್ಡ, ಆದರೂ ಒಳಗೆ ಜಾಗ ಹೆಚ್ಚು. ಟೈಟಾನಿಕ್ ಅಟ್ಲಾಂಟಿಕ್ ಸಾಗರ ಸೀಳಿಕೊಂಡು ವೇಗವಾಗಿ ಹೋಗಬೇಕಿತ್ತು, ಅದಕ್ಕೇ ಉದ್ದ, ಸಪೂರ. ಕ್ರೂಸ್ ಹಡಗಿಗೆ ಅವಸರ ಇಲ್ಲ, ಅದು ತೇಲುವ ಲಾಡ್ಜ್. ಅಗಲ, ಎತ್ತರ ಜಾಸ್ತಿ.

ಈಗ ಮುಖ್ಯ ಮಾತು. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ ಎರಡೂ ಹಡಗಿನಲ್ಲಿ ಹಿಡಿಯುತ್ತಿದ್ದ ಜನ ಹತ್ತಿರ ಹತ್ತಿರ ಒಂದೇ, ಸುಮಾರು 1,600. ದೊಡ್ಡ ಹಡಗಿನಲ್ಲಿ ಒಬ್ಬನ ಪಾಲಿಗೆ 44 ಗ್ರಾಸ್ ಟನ್ ಜಾಗ. ಸಣ್ಣದರಲ್ಲಿ 30. ಪ್ರಿನ್ಸೆಸ್‌ನಲ್ಲಿ ಸಾಮಾನ್ಯ ಕೋಣೆ 190 ಚದರ ಅಡಿ ಹತ್ತಿರ. ಎಂಪ್ರೆಸ್‌ನಲ್ಲಿ ಸುಮಾರು 120, ಅಂದರೆ ನಮ್ಮ ಮನೆಗಳ ಹತ್ತು ಹನ್ನೆರಡರ ರೂಮು. ಅದರಲ್ಲೇ ಬಾತ್‌ರೂಮೂ ಸೇರಿತು.

ಯಾಕೆ ಹೀಗೆ? ಹತ್ತು ದಿನ ಇರೋನಿಗೆ ಬೀರು ಬೇಕು, ಎರಡು ಸೂಟ್‌ಕೇಸ್ ಇಡೋಕೆ ಜಾಗ ಬೇಕು. ಶುಕ್ರವಾರ ಹತ್ತಿ ಸೋಮವಾರ ಇಳಿಯೋನು ಒಂದು ಬ್ಯಾಗು ತರ್ತಾನೆ, ಕೋಣೆಗೆ ಬರೋದು ಮಲಗೋಕೆ ಮಾತ್ರ. ಆದ್ದರಿಂದ ಕೋಣೆ ಚಿಕ್ಕದು ಮಾಡಿದರು. ನಡುವೆ ಹಲವು ಮಹಡಿ ಎತ್ತರದ ಅಂಗಳದಂಥ ಹಾಲ್, ಗಾಜಿನ ಲಿಫ್ಟು ಇಟ್ಟರು. ಹತ್ತಿದ ಅರ್ಧ ಗಂಟೆಯಲ್ಲಿ 'ಅಬ್ಬಾ' ಅನ್ನಿಸಬೇಕು, ಯಾಕಂದರೆ ಸಮಯ ಇರೋದೇ ಮೂರು ದಿನ.

ಇಷ್ಟು ಎತ್ತರದ ಹಡಗು ಮಗುಚಲ್ವಾ ಅಂತ ಕೇಳಬಹುದು. ಹರಿಗೋಲಿನಲ್ಲಿ ದಾಟಿದವರಿಗೆ ಇದು ಬೇಗ ತಿಳೀತದೆ. ನಡು ಹೊಳೆಯಲ್ಲಿ ಯಾರಾದರೂ ಎದ್ದು ನಿಂತರೆ ಅಂಬಿಗ "ಕುಂದರ್ರಿ" ಅಂತ ಗದರ್ತಾನೆ. ಭಾರ ಮೇಲೆ ಹೋದರೆ ವಾಲ್ತದೆ, ಕೆಳಗೆ ಕೂತರೆ ನಿಲ್ತದೆ. ಹಡಗಿನಲ್ಲೂ ಎಂಜಿನ್, ಎಣ್ಣೆ, ನೀರಿನ ಟ್ಯಾಂಕು, ಭಾರದ್ದೆಲ್ಲ ತಳದಲ್ಲಿ. ನಾವು ಫೋಟೋದಲ್ಲಿ ನೋಡುವ ಮಹಡಿಗಳು ಅದಕ್ಕೆ ಹೋಲಿಸಿದರೆ ಹಗುರ, ಒಳಗೆ ಬಹುಪಾಲು ಗಾಳಿ. ನೀರಿನೊಳಗೆ ಎರಡೂ ಕಡೆ ರೆಕ್ಕೆಗಳಂಥವು ಇರ್ತವೆ, ಓಲಾಟ ತಗ್ಗಿಸೋಕೆ. ನಮ್ಮ ತುಂಗಭದ್ರೆಯ ಹರಿಗೋಲಿನ ಬಗ್ಗೆ 1520ರ ಹೊತ್ತಿಗೇ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದಾನೆ: ಬುಟ್ಟಿಯ ಹಾಗಿರ್ತದೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡೀತದೆ, ತಿರುಗುತ್ತಾ ತಿರುಗುತ್ತಾ ಹೋಗ್ತದೆ ಅಂತ. ಹದಿನೈದು ಜನ ಇರಲಿ, ಸಾವಿರದ ಆರುನೂರು ಜನ ಇರಲಿ, ಭಾರ ಕೆಳಗಿರಬೇಕು ಅನ್ನೋ ನಿಯಮ ಒಂದೇ.

ರಾಜಕುಮಾರಿಯ ಆರು ಹೆಸರು

ಈಗ 8521220ರ ಹಿಂದೆ ಹೋಗೋಣ.

ಹನ್ನೆರಡು ವರ್ಷ ಕ್ರೌನ್ ಪ್ರಿನ್ಸೆಸ್ ಆಗಿ ಓಡಿತು. ಅಷ್ಟರಲ್ಲಿ ಅದೇ ಕಂಪನಿಗೆ ಅದಕ್ಕಿಂತ ದೊಡ್ಡ ಹಡಗುಗಳು ಬಂದವು. 2002ರಲ್ಲಿ ಜರ್ಮನ್ ಪ್ರವಾಸಿಗರಿಗಾಗಿ ಅ'ರೋಜಾ ಬ್ಲೂ ಆಯಿತು. 2004ರಲ್ಲಿ ಇನ್ನೊಂದು ಜರ್ಮನ್ ಬ್ರ್ಯಾಂಡಿಗೆ ಐಡಾಬ್ಲೂ. 2007ರಲ್ಲಿ ಬ್ರಿಟಿಷರಿಗಾಗಿ ಓಶನ್ ವಿಲೇಜ್ ಟೂ. 2009ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಪೆಸಿಫಿಕ್ ಜ್ಯೂಯೆಲ್. ಅಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ. ಪ್ರತಿ ಸಲ ಬಣ್ಣ ಬದಲು, ಊಟದ ಮೆನು ಬದಲು, ಅನೌನ್ಸ್‌ಮೆಂಟಿನ ಭಾಷೆ ಬದಲು. ಹಣೆ ಮಾತ್ರ ಅದೇ.

2019ರ ಏಪ್ರಿಲ್‌ನಲ್ಲಿ ಮುಂಬೈಗೆ ಬಂತು. ಜಲೇಶ್ ಕ್ರೂಸಸ್ ಅನ್ನೋ ಹೊಸ ಕಂಪನಿ, ಹಡಗಿಗೆ ಕರ್ನಿಕಾ ಅಂತ ಆರನೇ ಹೆಸರು. ಭಾರತದವರಿಗಾಗಿ ಭಾರತದ ಕ್ರೂಸ್ ಅಂತ ದೊಡ್ಡ ಪ್ರಚಾರ ಆಯಿತು. ಮುಂಬೈಯಿಂದ ಗೋವಾ ಕಡೆ ಸಣ್ಣ ಪ್ರವಾಸಗಳು ನಡೆದವು. ಒಂದು ವರ್ಷ ತುಂಬುವ ಮೊದಲೇ, 2020ರ ಮಾರ್ಚ್‌ನಲ್ಲಿ, ಕೊರೊನಾ. ಕ್ರೂಸ್ ನಿಂತಿತು.

ನಿಂತ ಹಡಗು ಅಂದರೆ ಶೆಡ್ಡಿನಲ್ಲಿ ನಿಲ್ಲಿಸಿದ ಲಾರಿ ಅಲ್ಲ. ಜನ ಇಲ್ಲದಿದ್ದರೂ ಜನರೇಟರ್ ಓಡಬೇಕು. ಬೆಂಕಿ ಕಾವಲು ಇರಬೇಕು, ಎಂಜಿನ್ ರೂಮಿನವರು ಇರಬೇಕು, ಅವರಿಗೆ ಊಟ ಬೇಕು, ಸಂಬಳ ಬೇಕು. ಬಂದರಿನ ಶುಲ್ಕವೂ ಗ್ರಾಸ್ ಟನ್ ಲೆಕ್ಕದಲ್ಲೇ ಬೀಳ್ತದೆ. ಅಂದರೆ ಒಬ್ಬನ ಪಾಲಿಗೆ 44 ಟನ್ ಜಾಗ ಕೊಟ್ಟ ವೈಭವ, ಆದಾಯ ಇಲ್ಲದ ದಿನ ಅಷ್ಟೇ ಖರ್ಚು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಕಂಪನಿ ಮುಚ್ಚಿತು. ಬಾಂಬೆ ಹೈಕೋರ್ಟ್ ಆದೇಶದ ಮೇಲೆ ಹಡಗು ಹರಾಜಾಯಿತು. ನವೆಂಬರ್‌ನಲ್ಲಿ ಅಲಂಗ್.

ಅಲಂಗ್ ಯಾಕೆ ಅಂದರೆ, ಖಂಭಾತ್ ಕೊಲ್ಲಿಯಲ್ಲಿ ಸಮುದ್ರದ ಏರಿಳಿತ ಹತ್ತು ಮೀಟರ್ ಆಸುಪಾಸು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ಹಡಗು ತನ್ನ ಎಂಜಿನ್ ಬಲದಿಂದಲೇ ದಂಡೆಗೆ ನುಗ್ತದೆ. ನೀರು ಇಳಿದಾಗ ಕೆಸರಿನಲ್ಲಿ ಕೂತುಬಿಡ್ತದೆ. ಆಮೇಲೆ ಕಾರ್ಮಿಕರು ಗ್ಯಾಸ್ ಕಟರ್ ಹಿಡಿದು ತುಂಡು ತುಂಡಾಗಿ ಬಿಚ್ತಾರೆ. 1983ರಿಂದ ಅಲ್ಲಿ ಇದೇ ಕೆಲಸ. ಹಡಗಿನ ಹಲಗೆಗಳು ಮಿಲ್ಲಿಗೆ ಹೋಗಿ ಕಟ್ಟಡದ ಕಬ್ಬಿಣದ ಸರಳಾಗ್ತವೆ. ಮಂಚ, ಹಾಸಿಗೆ, ತಟ್ಟೆ, ಕುರ್ಚಿಗಳು ಅಲಂಗ್ ರಸ್ತೆಯ ಉದ್ದಕ್ಕೂ ಇರುವ ಅಂಗಡಿಗಳಿಗೆ ಬರ್ತವೆ. ರೆಂಜೊ ಪಿಯಾನೊ ಬಿಡಿಸಿದ ಹಣೆ, ಸೋಫಿಯಾ ಲೊರೆನ್ ಹೆಸರಿಟ್ಟ ಹಡಗು, ಮೂವತ್ತು ವರ್ಷಕ್ಕೆ ಗುಜರಿ.

ಆ ಹಡಗಿನ ಫೋಟೋವನ್ನೇ ನಮ್ಮ ತಮ್ಮನಿಗೆ ಕಳಿಸಿ "ಮುಂದಿನ ತಿಂಗಳು ಜಾಯಿನಿಂಗ್" ಅಂದಿದ್ದು.

ಸಣ್ಣ ರಜೆಯ ಹಡಗು ಉಳಿಯಿತು

ಇನ್ನು 8716899.

ನಾರ್ಡಿಕ್ ಎಂಪ್ರೆಸ್ 2004ರಲ್ಲಿ ಎಂಪ್ರೆಸ್ ಆಫ್ ದ ಸೀಸ್ ಆಯಿತು. 2008ರಲ್ಲಿ ಸ್ಪೇನಿನ ಪುಲ್‌ಮಂಟೂರ್ ಕಂಪನಿಗೆ ಹೋಗಿ ಬರೀ ಎಂಪ್ರೆಸ್. 2016ರಲ್ಲಿ ಮತ್ತೆ ರಾಯಲ್ ಕೆರಿಬಿಯನ್‌ಗೆ ವಾಪಸ್, ಹಳೆ ಹೆಸರೂ ವಾಪಸ್. ಕೊಟ್ಟ ಹಡಗನ್ನು ಕಂಪನಿ ವಾಪಸ್ ಕರೆದದ್ದು ಯಾಕಿರಬಹುದು? ಅಮೆರಿಕ ಮತ್ತು ಕ್ಯೂಬಾ ನಡುವೆ ಆಗ ದಾರಿ ತೆರೆಯುತ್ತಿತ್ತು. ಹವಾನಾ ಹಳೆಯ ಬಂದರು, ದೈತ್ಯ ಹಡಗುಗಳಿಗೆ ಅಲ್ಲಿ ಜಾಗ ಇಲ್ಲ. ಎಂಪ್ರೆಸ್ ಗಿಡ್ಡ, ಅಲ್ಲಿಗೆ ಸರಿಹೊಂದುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಕ್ಯೂಬಾ ಪ್ರವಾಸ ಶುರು. 2019ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಕ್ಯೂಬಾಕ್ಕೆ ಕ್ರೂಸ್ ನಿಷೇಧಿಸಿತು. ಒಂದೇ ಆದೇಶಕ್ಕೆ ಹಡಗಿನ ದಾರಿಯೇ ಬದಲು.

ಆಮೇಲೆ ಕೊರೊನಾ. ಪುಲ್‌ಮಂಟೂರ್‌ನಲ್ಲಿ ಇದರ ಜೊತೆ ಓಡಿದ್ದ ಸಾವರಿನ್, ಮೊನಾರ್ಕ್ ಎರಡೂ 2020ರಲ್ಲಿ ಟರ್ಕಿಯ ಅಲಿಯಾಗಾ ಗುಜರಿ ದಂಡೆಗೆ ಹೋದವು. ಸಾವರಿನ್ 1988ರಲ್ಲಿ ಬಂದಾಗ ಜಗತ್ತಿನ ಅತಿ ದೊಡ್ಡ ಕ್ರೂಸ್ ಹಡಗು ಅನ್ನಿಸಿಕೊಂಡಿದ್ದು. ಎಂಪ್ರೆಸ್ ಆಗ ಆ ಕಂಪನಿಯಲ್ಲಿ ಇರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಮಾರಾಟದ ಸುದ್ದಿ ಬಂತು. ಗುಜರಿಗೆ ಅಂದುಕೊಂಡವರೂ ಇದ್ದರು. ಅದು ಬಂದದ್ದು ಮುಂಬೈಗೆ.

2021ರ ಸೆಪ್ಟೆಂಬರ್ 18, ಕಾರ್ಡೀಲಿಯಾ ಕ್ರೂಸಸ್ ಹೆಸರಿನಲ್ಲಿ ಮೊದಲ ಪ್ರವಾಸ. ನಾವು ರೈಲು ಟಿಕೆಟ್ ತೆಗೆಯುವ ಐಆರ್‌ಸಿಟಿಸಿಯೇ ಇದರ ಟಿಕೆಟನ್ನೂ ಮಾರಿತು. ಶುರು ಸಲೀಸಾಗಿರಲಿಲ್ಲ. ಎರಡು ವಾರಕ್ಕೆ, ಅಕ್ಟೋಬರ್ ಮೊದಲ ವಾರ, ಮಾದಕ ವಸ್ತು ನಿಯಂತ್ರಣ ದಳ ಎನ್‌ಸಿಬಿ ದಾಳಿ. ಟಿವಿಯಲ್ಲಿ ವಾರಗಟ್ಟಲೆ ಓಡಿದ ಪ್ರಕರಣ ಇದೇ ಹಡಗಿನದ್ದು. ದೊಡ್ಡ ನಟರೊಬ್ಬರ ಮಗನ ಬಂಧನವಾಗಿತ್ತು, 2022ರ ಮೇ ತಿಂಗಳಲ್ಲಿ ಸಾಕ್ಷ್ಯ ಇಲ್ಲ ಅಂತ ಎನ್‌ಸಿಬಿಯೇ ಆತನ ಮೇಲಿನ ಆರೋಪ ಕೈಬಿಟ್ಟಿತು. 2022ರ ಜನವರಿಯಲ್ಲಿ ಗೋವಾ ತಲುಪಿದಾಗ ಹಡಗಿನಲ್ಲಿದ್ದ ಸುಮಾರು 2,000 ಜನರಲ್ಲಿ 66 ಮಂದಿಗೆ ಕೊರೊನಾ ಪಾಸಿಟಿವ್. ಜೂನ್‌ನಲ್ಲಿ ಚೆನ್ನೈಯಿಂದ ಹೊರಟಾಗ ಹಡಗಿನ ಜೂಜಿನ ವಿಚಾರಕ್ಕೆ ವಿರೋಧ ಬಂದು ಪುದುಚೇರಿಯಲ್ಲಿ ಇಳಿಯೋಕೆ ಬಿಡಲಿಲ್ಲ. 2023ರ ಜೂನ್‌ನಲ್ಲಿ ಚೆನ್ನೈಯಿಂದ ಶ್ರೀಲಂಕಾದ ಹಂಬಂತೋಟಕ್ಕೆ ಹೊರಟಿತು.

ಇಷ್ಟೆಲ್ಲ ಆಗಿಯೂ ಓಡಿತು. ನನ್ನ ತಿಳಿವಳಿಕೆಯಲ್ಲಿ ಅದಕ್ಕೊಂದು ಕಾರಣ 1990ರ ಆ ನಿರ್ಧಾರ. ನಮ್ಮವರಿಗೆ ಸಿಗುವ ರಜೆ ಎಷ್ಟು? ಶನಿವಾರ, ಭಾನುವಾರ, ಜೊತೆಗೊಂದು ಹಬ್ಬ. ಎರಡು ಮೂರು ರಾತ್ರಿ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪ ಅಂದರೆ ಎರಡರಿಂದ ಐದು ರಾತ್ರಿಯ ದಾರಿ. ಮಯಾಮಿ-ಬಹಾಮಾಸ್‌ಗೆ ಅಂತ ಹೊಲಿದ ಅಂಗಿ ಮೂವತ್ತು ವರ್ಷದ ಮೇಲೆ ಮುಂಬೈ-ಗೋವಾಕ್ಕೆ ಸರಿಯಾಗಿ ಕೂತಿತು. ಕರ್ನಿಕಾ ಚೆಂದ ಇತ್ತು, ದೊಡ್ಡದಿತ್ತು. ಆದರೆ ಅದು ದೀರ್ಘ ಪ್ರವಾಸದವರಿಗಾಗಿ ಕಟ್ಟಿದ ಹಡಗು, ಸಣ್ಣ ರಜೆಯ ಊರಿಗೆ ಬಂದಿತ್ತು. ಹಾಗಂತ ಡಿಸೈನ್ ಒಂದರಿಂದಲೇ ಅದು ಮುಳುಗಿತು ಅನ್ನೋದು ತಪ್ಪು. ಅದು ಕೊರೊನಾಕ್ಕೆ ಮೊದಲು ಬಂತು, ಇದು ನಂತರ ಬಂತು. ಹನ್ನೊಂದು ತಿಂಗಳಲ್ಲಿ ಬಾಗಿಲು ಹಾಕಬೇಕಾಗಿ ಬಂದರೆ ಎಂಥ ಹಡಗೂ ಕಷ್ಟವೇ. ನಸೀಬಿನ ಪಾಲನ್ನೂ ಲೆಕ್ಕಕ್ಕೆ ಹಿಡೀಬೇಕು.

ಇನ್ನೊಂದು ಮಾತು, ಕೆಲಸಕ್ಕೆ ಹೋಗಬೇಕು ಅನ್ನೋರಿಗೆ. ಸಣ್ಣ ಪ್ರವಾಸದ ಹಡಗು ಪ್ರವಾಸಿಗನಿಗೆ ಹಗುರ, ಕೆಲಸದವನಿಗೆ ಭಾರ. ವಾರದ ಹಡಗಿನಲ್ಲಿ ಜನ ಇಳಿದು ಹೊಸಬರು ಹತ್ತುವ ದಿನ ವಾರಕ್ಕೊಂದು. ಇಲ್ಲಿ ವಾರಕ್ಕೆ ಎರಡು ಮೂರು. ಬೆಳಿಗ್ಗೆ ಎಲ್ಲರೂ ಇಳಿದ ಮೇಲೆ ಸಂಜೆಯೊಳಗೆ 800ರ ಹತ್ತಿರ ಕೋಣೆಗಳ ಹಾಸಿಗೆ ಬದಲಾಗಬೇಕು. ಲಗೇಜು, ಕಿಚನ್ನು, ಸುರಕ್ಷತಾ ಡ್ರಿಲ್ಲು, ಎಲ್ಲ ಹೊಸದಾಗಿ. ರೀಲ್ಸ್‌ನಲ್ಲಿ ಇದು ಕಾಣಲ್ಲ.

ಕಂಪನಿ ಮುಚ್ಚಿದರೆ ಮೊದಲ ದುಡ್ಡು ಯಾರಿಗೆ?

ತಮ್ಮನ ಅಪ್ಪ, ನಮ್ಮ ಕಾಕಾ, ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಹಡಗೇ ಮಾರಿ ಹೋದ್ರ ಅದ್ರಾಗ ದುಡಿದವ್ರ ಪಗಾರ ಏನಾಗ್ತದೋ?" ಹೊಲದಲ್ಲಿ ದುಡಿಯುವವರ ಪ್ರಶ್ನೆ ನೆಟ್ಟಗೆ ಇರ್ತದೆ.

ಉತ್ತರ ಕಾನೂನಿನಲ್ಲಿದೆ. ಭಾರತದಲ್ಲಿ 2017ರ ಅಡ್ಮಿರಾಲ್ಟಿ ಕಾಯ್ದೆ ಅಂತಿದೆ. ಹಡಗಿನ ಮೇಲೆ ಬಾಕಿ ಇದ್ದರೆ ಹೈಕೋರ್ಟ್ ಆ ಹಡಗನ್ನೇ ತಡೆದು ನಿಲ್ಲಿಸಬಹುದು. ಇದಕ್ಕೆ ಹಡಗನ್ನು ಅರೆಸ್ಟ್ ಮಾಡೋದು ಅಂತಲೇ ಅಂತಾರೆ. ಹರಾಜಿನಲ್ಲಿ ಬಂದ ಹಣ ಹಂಚುವಾಗ ಸಾಲಿನಲ್ಲಿ ಮುಂದೆ ನಿಲ್ಲೋದು ಬ್ಯಾಂಕು ಅಲ್ಲ. ಕಾಯ್ದೆಯ 9ನೇ ಕಲಂ ಪಟ್ಟಿಯಲ್ಲಿ ಮೊದಲ ಸ್ಥಾನ ಕ್ಯಾಪ್ಟನ್‌ನಿಂದ ಹಿಡಿದು ಕೆಳಗಿನ ನೌಕರನ ತನಕ ಹಡಗಿನಲ್ಲಿ ದುಡಿದವರ ಸಂಬಳದ್ದು. ಹಡಗು ಅಡವಿಟ್ಟುಕೊಂಡು ಸಾಲ ಕೊಟ್ಟವರು ಅದರ ನಂತರ. ಬೇರೆ ಬಾಕಿಗಳಿಗೆ ಈ ಹಕ್ಕು ಒಂದು ವರ್ಷ ಉಳಿದರೆ ಸಂಬಳಕ್ಕೆ ಎರಡು ವರ್ಷ. ಮಾಲೀಕ ಬದಲಾದರೂ ಈ ಹಕ್ಕು ಹಡಗಿಗೇ ಅಂಟಿಕೊಂಡಿರ್ತದೆ. ಹೆಸರು ಬದಲಿಸಿದರೂ ಬಿಡಲ್ಲ, ಯಾಕಂದರೆ ನಂಬರ್ ಅದೇ ಅಲ್ವಾ? ಕೋರ್ಟಿನ ಹರಾಜು ಆಯಿತೆಂದರೆ ಮಾತ್ರ ಹಡಗು ಋಣಮುಕ್ತ. ಆಮೇಲೆ ಕೇಳಬೇಕಾದದ್ದು ಹರಾಜಿನ ದುಡ್ಡಿನಲ್ಲಿ.

ಇದರ ಜೊತೆ ಎಂಎಲ್‌ಸಿ ಅಂತ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ ಇದೆ, 2006ರದ್ದು. ಭಾರತ 2015ರಲ್ಲಿ ಒಪ್ಪಿಕೊಂಡಿತು. 2017ರಿಂದ ಅದರಲ್ಲಿ ಇನ್ನೊಂದು ನಿಯಮ: ಮಾಲೀಕ ನೌಕರರನ್ನು ನಡುನೀರಿನಲ್ಲಿ ಬಿಟ್ಟು ಹೋದರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊರಿಗೆ ಮರಳುವ ಖರ್ಚು ಸಿಗುವಂತೆ ವಿಮೆಯಂಥ ಭದ್ರತೆ ಇರಲೇಬೇಕು.

ಈಗ ಒಂದೂವರೆ ಲಕ್ಷದ ಮಾತು. ಅದೇ ಒಪ್ಪಂದದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನೌಕರನಿಂದ ದುಡ್ಡು ತಗೊಳ್ಳುವ ಹಾಗಿಲ್ಲ. ನೌಕರ ತನ್ನ ಕೈಯಿಂದ ಹಾಕಬಹುದಾದದ್ದು ಪಾಸ್‌ಪೋರ್ಟ್, ವೈದ್ಯಕೀಯ ಸರ್ಟಿಫಿಕೇಟ್ ಮತ್ತು ನಾವಿಕರ ಪುಸ್ತಕ ಅಂದರೆ ಸಿಡಿಸಿ, ಇವುಗಳ ಖರ್ಚು. ವೀಸಾ ಖರ್ಚು ಕೂಡ ಮಾಲೀಕನದ್ದೇ. ಹಡಗು ಹತ್ತುವ ಮೊದಲು ಬೇಕಾದ ಸುರಕ್ಷತಾ ತರಬೇತಿಗೆ ಫೀ ಇರ್ತದೆ, ಅದು ಮಾನ್ಯತೆ ಇರುವ ತರಬೇತಿ ಸಂಸ್ಥೆಗೆ ರಸೀದಿ ಪಡೆದು ಕಟ್ಟುವ ಫೀ. ಅದನ್ನೂ ಏಜೆಂಟನ ಕೈಗೆ ಕೊಡುವ 'ಸೀಟ್ ದುಡ್ಡನ್ನೂ' ಬೆರೆಸಬೇಡಿ. ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಡುವ ಲೈಸೆನ್ಸ್ ಬೇಕು, ಅದಕ್ಕೆ ಆರ್‌ಪಿಎಸ್‌ಎಲ್ ಅಂತಾರೆ. ಲೈಸೆನ್ಸ್ ಇರುವವರ ಪಟ್ಟಿ ಆ ಕಚೇರಿಯ ವೆಬ್‌ಸೈಟಿನಲ್ಲೇ ಇದೆ.

ಹಾಗಾದರೆ ಮೂರು ಪ್ರಶ್ನೆ. ಯಾವ ಹಡಗು, ಅದರ ಐಎಂಒ ನಂಬರ್ ಏನು? ನಿಮ್ಮ ಆರ್‌ಪಿಎಸ್‌ಎಲ್ ನಂಬರ್ ಏನು? ದುಡ್ಡು ಯಾತಕ್ಕೆ, ರಸೀದಿ ಯಾರ ಹೆಸರಿನಲ್ಲಿ?

ನಮ್ಮ ತಮ್ಮ ಮೊದಲನೇ ಪ್ರಶ್ನೆಯನ್ನಷ್ಟೇ ಕೇಳಿದ. ಆ ಕಡೆಯವನು ಮೊದಲು "ಅದೆಲ್ಲ ನಿನಗ್ಯಾಕೆ" ಅಂದ, ಆಮೇಲೆ ಬ್ಲಾಕ್ ಮಾಡಿದ. ಭತ್ತ ಆ ವಾರ ಮಾರಲಿಲ್ಲ, ರೇಟು ನೋಡಿ ಮಾರಿದರು.

ತಮ್ಮನಿಗೆ ಕ್ರೂಸ್ ಆಸೆ ಹೋಗಿಲ್ಲ. ಹೋಗೋದೂ ಬೇಡ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳು ಹಡಗಿನ ಸಂಬಳದಲ್ಲಿ ನಿಂತಿವೆ. ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಪ್ರವಾಸಿಗರು ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿಕೊಂಡು ಸಂಜೆಗೆ ಹತ್ತಿ ಹೋಗ್ತಾರೆ. ನಮ್ಮ ರಾಯಚೂರು ಜಿಲ್ಲೆಯ ಹುಡುಗರೂ ಆ ಹಡಗುಗಳಲ್ಲಿ ಇರಬೇಕು. ಕಣ್ಣು ಬಿಟ್ಟುಕೊಂಡು ಹತ್ತಬೇಕು, ಅಷ್ಟೇ.

ಈಗ ಅವನಿಗೆ ಹೊಸ ಚಟ ಹತ್ತಿದೆ. ಯಾವ ಹಡಗಿನ ಫೋಟೋ ಬಂದರೂ ನಂಬರ್ ಹುಡುಕ್ತಾನೆ. 7, 6, 5, 4, 3, 2 ಅಂತ ಗುಣಿಸ್ತಾನೆ. ಮೊನ್ನೆ ಹೊಳೆ ದಂಡೆಯಲ್ಲಿ ಅಂಬಿಗ ಅಜ್ಜನ ಹರಿಗೋಲು ತೋರಿಸಿ, "ಅಜ್ಜಾ, ಇದರ ನಂಬರ್ ಎಷ್ಟು?" ಅಂತ ಕೇಳಿದ್ದಾನೆ. ಅಜ್ಜ ಹುಟ್ಟು ಕೆಳಗಿಟ್ಟು ಅಂದರಂತೆ, "ನಂಬರ್ ಇಲ್ಲಪ. ನಾನೇ ಕಟ್ಟೀನಿ, ನಾನೇ ಜವಾಬ್ದಾರಿ."

ಇವತ್ತಿಗೆ ಇಷ್ಟು. ಹಡಗಿನ ಕೆಲಸದ ಮೆಸೇಜ್ ಬಂದಿರುವ ಗೆಳೆಯ ಗೆಳತಿಯರಿಗೆ ಈ ಕಂತು ಫಾರ್ವರ್ಡ್ ಮಾಡಿ.